ದಾವಣಗೆರೆಯ ಎಸ್ಸೆಸ್ಸೆಂ ಮತ್ತು ಅವರ ರಾಜಕೀಯ ಮನೆತನ: ಪದೇ ಪದೇ ಕೇಳುವ ಪ್ರಶ್ನೆಗಳು

ಎಲೆಕ್ಷನ್ ಹತ್ತಿರ ಬಂದಾಗಲೆಲ್ಲ ಹೊರಗಿನ ನೆಂಟರು, ಮೊದಲ ಸಲ ಓಟು ಹಾಕುವ ಹುಡುಗರು, ಬೆಂಗಳೂರಿಗೆ ಹೋಗಿ ನೆಲೆಸಿದ ನಮ್ಮೂರ ಮಂದಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಒಂದೊಂದಕ್ಕೂ ಬೇರೆ ಬೇರೆ ಉತ್ತರ ಕೊಟ್ಟು ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಅಭಿಮಾನಿ ಬಳಗದವನಲ್ಲ, ವಿರೋಧಿ ಬಣದವನೂ ಅಲ್ಲ. ಓಟು ಯಾರಿಗೆ ಹಾಕಬೇಕು ಅನ್ನೋದಕ್ಕೆ ಇಲ್ಲಿ ಉತ್ತರ ಸಿಗುವುದಿಲ್ಲ.

ಎಸ್ಸೆಸ್, ಎಸ್ಸೆಸ್ಸೆಂ ಅಂತಾರಲ್ಲ, ಯಾರು ಯಾರು?

ಎಸ್ಸೆಸ್ ಅಂದರೆ ಶಾಮನೂರು ಶಿವಶಂಕರಪ್ಪ. ಎಸ್ಸೆಸ್ಸೆಂ ಅಂದರೆ ಅವರ ಮಗ ಎಸ್.ಎಸ್. ಮಲ್ಲಿಕಾರ್ಜುನ್. ಇಬ್ಬರೂ ಕಾಂಗ್ರೆಸ್. ಮಲ್ಲಿಕಾರ್ಜುನ್ ಅವರ ಹೆಂಡತಿ ಡಾ. ಪ್ರಭಾ ಮಲ್ಲಿಕಾರ್ಜುನ್ 2024ರಲ್ಲಿ ದಾವಣಗೆರೆಯ ಸಂಸದರಾಗಿ ಆಯ್ಕೆಯಾದರು. ಶಾಮನೂರು ಅನ್ನೋದು ಈಗ ಊರಿನೊಳಗೇ ಸೇರಿಹೋಗಿರುವ ಹಳ್ಳಿ. ಊರು ಬೆಳೆದು ಹಳ್ಳಿಯನ್ನು ನುಂಗಿತು, ಹೆಸರು ಮಾತ್ರ ಮನೆತನದ ಜೊತೆ ಉಳಿಯಿತು.

ಮಲ್ಲಿಕಾರ್ಜುನ್ ಮೊದಲ ಸಲ ಶಾಸಕರಾದದ್ದು ಹೇಗೆ?

ಉಪಚುನಾವಣೆಯಲ್ಲಿ. 1994ರಲ್ಲಿ ತಂದೆ ದಾವಣಗೆರೆಯಿಂದ ವಿಧಾನಸಭೆಗೆ ಗೆದ್ದಿದ್ದರು. 1998ರಲ್ಲಿ ಲೋಕಸಭೆಗೆ ನಿಂತು ಅಲ್ಲೂ ಗೆದ್ದರು. ವಿಧಾನಸಭೆ ಸೀಟು ಖಾಲಿಯಾಯಿತು. ಅದೇ ವರ್ಷ ಆ ಸೀಟಿಗೆ ಮಗ ನಿಂತು ಗೆದ್ದರು. ಆಗ ಅವರಿಗೆ ಮೂವತ್ತು ದಾಟಿತ್ತಷ್ಟೆ.

ಮರು ವರ್ಷವೇ, 1999ರಲ್ಲಿ, ಸಾರ್ವತ್ರಿಕ ಚುನಾವಣೆ ಬಂತು. ಮತ್ತೆ ಗೆದ್ದರು. ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಯುವಜನ ಸೇವೆ ಮತ್ತು ಕ್ರೀಡೆ ಖಾತೆಯ ಸಚಿವರೂ ಆದರು. ಎರಡು ವರ್ಷದೊಳಗೆ ಎರಡು ಗೆಲುವು, ಒಂದು ಮಂತ್ರಿಗಿರಿ. ಸಾಮಾನ್ಯ ಕಾರ್ಯಕರ್ತನೊಬ್ಬ ಅಷ್ಟರೊಳಗೆ ವಾರ್ಡ್ ಅಧ್ಯಕ್ಷನಾದರೆ ದೊಡ್ಡದು. ಮನೆತನದ ಲಾಭ ಅಂದರೆ ಇದೇ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಆ ಲಾಭ ಎಲ್ಲಿಯವರೆಗೆ ಕೈ ಹಿಡಿಯಿತು ಅನ್ನೋದು ಬೇರೆ ಕಥೆ. ಕೆಳಗೆ ಬರುತ್ತದೆ.

ದಾವಣಗೆರೆ ಮೊದಲಿಂದಲೂ ಶಾಮನೂರು ಮನೆಯವರದೇ ಕ್ಷೇತ್ರವಾ?

ಖಂಡಿತ ಅಲ್ಲ. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ: ಇದು ಕಮ್ಯುನಿಸ್ಟರು ಗೆಲ್ಲುತ್ತಿದ್ದ ಊರು. ಹತ್ತಿ ಮಿಲ್ಲುಗಳ ಊರಾಗಿತ್ತು, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಮಿಲ್ ಕಾರ್ಮಿಕರ ನಾಯಕ ಪಂಪಾಪತಿ ಸಿಪಿಐನಿಂದ 1978, 1983, 1985ರಲ್ಲಿ ಮೂರು ಸಲ ಇಲ್ಲಿಂದ ಆರಿಸಿಬಂದರು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲ ಹೋಯಿತು, ಯೂನಿಯನ್ನಿನ ಬಲವೂ ಹೋಯಿತು. ಅದೇ ಹೊತ್ತಿಗೆ ಊರಿನ ಹೊಸ ಗುರುತಾಗಿ ಬೆಳೆದಿದ್ದು ಕಾಲೇಜುಗಳು. ಶಾಮನೂರು ಮನೆತನದ ರಾಜಕೀಯ ಇದರ ಜೊತೆಗೇ ಬೆಳೆಯಿತು.

ಕಾಲೇಜಿಗೂ ರಾಜಕೀಯಕ್ಕೂ ಏನು ಸಂಬಂಧ?

ದಾವಣಗೆರೆಯಲ್ಲಿ ಇದು ಕೇಳಬೇಕಾದ ಪ್ರಶ್ನೆಯೇ. 1958ರಲ್ಲಿ ಶುರುವಾದ ಬಾಪೂಜಿ ವಿದ್ಯಾಸಂಸ್ಥೆಗೆ ಶಿವಶಂಕರಪ್ಪ ಬಹಳ ವರ್ಷ ಗೌರವ ಕಾರ್ಯದರ್ಶಿಯಾಗಿದ್ದರು. ಜೆಜೆಎಂ ಮೆಡಿಕಲ್ ಕಾಲೇಜು, ಬಿಐಇಟಿ ಎಂಜಿನಿಯರಿಂಗ್ ಕಾಲೇಜು, ಬಾಪೂಜಿ ಡೆಂಟಲ್ ಕಾಲೇಜು ಎಲ್ಲ ಅದರವೇ. ಆಮೇಲೆ ಎಸ್ಸೆಸ್ ಮೆಡಿಕಲ್ ಕಾಲೇಜು ಮತ್ತು ಆಸ್ಪತ್ರೆ ಬಂತು. ಕುಕ್ಕುವಾಡದ ಸಕ್ಕರೆ ಕಾರ್ಖಾನೆ ಬೇರೆ.

ಈಗ ಲೆಕ್ಕ ಹಾಕಿ. ಓದಿದವರು, ಪಾಠ ಮಾಡುವವರು, ಆಸ್ಪತ್ರೆಯಲ್ಲಿ ಕೆಲಸಕ್ಕಿರುವವರು, ಕಬ್ಬು ಕಳಿಸುವ ರೈತರು, ಹಾಸ್ಟೆಲ್ ಹುಡುಗರನ್ನು ನಂಬಿ ಖಾನಾವಳಿ ಇಟ್ಟವರು, ಬೆಣ್ಣೆದೋಸೆ ಹೋಟೆಲಿನವರು. ಇವರೆಲ್ಲರಿಗೂ ಆ ಮನೆಯ ಜೊತೆ ಏನೋ ಒಂದು ಕೊಂಡಿ. ಎಲ್ಲರೂ ಓಟು ಹಾಕುತ್ತಾರೆ ಅಂತಲ್ಲ. ಆದರೆ ಅಭ್ಯರ್ಥಿಯ ಪರಿಚಯ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಬೇರೆಯವರು ಪ್ರಚಾರದ ಮೊದಲ ಎರಡು ವಾರ ಹೆಸರು ಪರಿಚಯಿಸುವುದಕ್ಕೇ ಖರ್ಚು ಮಾಡುತ್ತಾರೆ, ಅಲ್ವಾ?

ಇನ್ನೊಂದು ವಿಷಯ. ಎದುರಾಳಿ ಮನೆತನವೂ ಇದೇ ದಾರಿ ಹಿಡಿದಿದೆ. ಬಿಜೆಪಿಯ ಜಿ.ಎಂ. ಸಿದ್ದೇಶ್ವರ ಅವರ ಕುಟುಂಬದ್ದು ಜಿಎಂಐಟಿ ಎಂಜಿನಿಯರಿಂಗ್ ಕಾಲೇಜು. ಅವರ ಮೂಲ ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರ, ಅಡಿಕೆಗೆ ಹೆಸರಾದ ಊರು.

ವಿಧಾನಸಭೆಗೆ ಗೆಲ್ಲುವ ಮನೆ ಲೋಕಸಭೆಗೆ ನಿಂತರೆ ಯಾಕೆ ಸೋಲುತ್ತಿತ್ತು?

ಈ ಇಡೀ ಪುಟದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

1999ರಲ್ಲಿ ಕರ್ನಾಟಕದಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಮತದಾನ. ತಂದೆ ಲೋಕಸಭೆಗೆ, ಮಗ ವಿಧಾನಸಭೆಗೆ. ಮಗ ಗೆದ್ದರು. ತಂದೆ ಬಿಜೆಪಿಯ ಜಿ. ಮಲ್ಲಿಕಾರ್ಜುನಪ್ಪ ಅವರೆದುರು ಸೋತರು.

2004ರಲ್ಲೂ ಎರಡೂ ಒಟ್ಟಿಗೇ. ಈ ಸಲ ಅದಲು ಬದಲು: ತಂದೆ ವಿಧಾನಸಭೆಗೆ, ಮಗ ಲೋಕಸಭೆಗೆ. ತಂದೆ ಗೆದ್ದರು. ಮಗ ಸೋತರು, ಮಲ್ಲಿಕಾರ್ಜುನಪ್ಪನವರ ಮಗ ಜಿ.ಎಂ. ಸಿದ್ದೇಶ್ವರ ಅವರೆದುರು.

ಅಂದರೆ ಯಾರು ನಿಂತರು ಅನ್ನೋದಕ್ಕಿಂತ ಯಾವ ಸೀಟಿಗೆ ನಿಂತರು ಅನ್ನೋದೇ ಮುಖ್ಯವಾಯಿತು. ಊರು ಕೈ ಬಿಡಲಿಲ್ಲ, ಜಿಲ್ಲೆ ಕೈ ಹಿಡಿಯಲಿಲ್ಲ. ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಈಗ ಎಂಟು ವಿಧಾನಸಭಾ ಕ್ಷೇತ್ರಗಳು: ಜಗಳೂರು, ಹರಪನಹಳ್ಳಿ, ಹರಿಹರ, ದಾವಣಗೆರೆ ಉತ್ತರ, ದಾವಣಗೆರೆ ದಕ್ಷಿಣ, ಮಾಯಕೊಂಡ, ಚನ್ನಗಿರಿ, ಹೊನ್ನಾಳಿ. ಹೊನ್ನಾಳಿಯವರು ಶಿವಮೊಗ್ಗ, ಶಿಕಾರಿಪುರದ ಕಡೆ ಮುಖ ಮಾಡಿದವರು. ಯಡಿಯೂರಪ್ಪ ಬೆಳೆದಂತೆ ಆ ಭಾಗ ಬಿಜೆಪಿಗೆ ವಾಲಿತು. ಜಗಳೂರಿನ ಬರದ ಊರುಗಳಲ್ಲಿ ಮೆಡಿಕಲ್ ಕಾಲೇಜಿನ ಹೆಸರು ಹೇಳಿದರೆ ಓಟು ಬರುವುದಿಲ್ಲ, ನೀರಿನ ಮಾತು ಆಡಬೇಕು. ಚನ್ನಗಿರಿಯ ಅಡಿಕೆ ಬೆಳೆಗಾರರದು ಇನ್ನೊಂದು ಲೋಕ.

2009ರಲ್ಲಿ ಎಸ್ಸೆಸ್ಸೆಂ ಸೋತದ್ದು 2,024 ಮತಗಳಿಂದ. ಎಂಟು ಕ್ಷೇತ್ರಕ್ಕೆ ಹಂಚಿದರೆ ಒಂದಕ್ಕೆ 253 ಮತ. ನಾಲ್ಕು ಬೀದಿಯ ಜನ ಆ ಕಡೆಯಿಂದ ಈ ಕಡೆ ಬಂದಿದ್ದರೆ ಮುಗೀತು. ಈಗಲೂ ಪಿ.ಜೆ. ಬಡಾವಣೆಯ ಚಹಾ ಅಂಗಡಿಗಳಲ್ಲಿ ಹಳೇ ಕಾರ್ಯಕರ್ತರು ಆ ಸಂಖ್ಯೆ ಹೇಳಿ, ಯಾವ ಊರಿನ ಬೂತು ಕೈಕೊಟ್ಟಿತು ಅಂತ ಜಗಳ ಆಡುತ್ತಾರೆ. 2014ರಲ್ಲಿ ಮೂರನೇ ಸಲ ನಿಂತರು, ಅಂತರ 17,607. ಅದು ಮೋದಿ ಅಲೆಯ ವರ್ಷ, ಮಾತಿಗೆ ಜಾಸ್ತಿ ಅವಕಾಶವಿರಲಿಲ್ಲ.

ಮೂರೂ ಸಲ ಎದುರಿಗೆ ಅದೇ ಸಿದ್ದೇಶ್ವರ.

ಮೂರು ಸಲ ಸೋತವರಿಗೆ ಮತ್ತೆ ಮತ್ತೆ ಟಿಕೆಟ್ ಯಾಕೆ ಕೊಡ್ತಾರೆ?

ಪಕ್ಷಗಳು ಟಿಕೆಟ್ ಕೊಡುವಾಗ ಗೆಲ್ಲುವವರನ್ನಷ್ಟೇ ಹುಡುಕುವುದಿಲ್ಲ. ಖರ್ಚು ನಿಭಾಯಿಸುವವರು, ಎಂಟೂ ಕ್ಷೇತ್ರದಲ್ಲಿ ಜನ ಇಟ್ಟುಕೊಂಡವರು, ಸೋತರೂ ಮರುದಿನ ಪಕ್ಷ ಬಿಟ್ಟು ಹೋಗದವರು ಬೇಕು. 2,024 ಮತದಿಂದ ಸೋತವನನ್ನು ಬಿಟ್ಟು ಹೊಸಬನನ್ನು ತರುವ ಧೈರ್ಯ ಯಾವ ಪಕ್ಷಕ್ಕೂ ಇರುವುದಿಲ್ಲ.

2019ರಲ್ಲಿ ಏನಾಯಿತು ನೋಡಿ. ಕಾಂಗ್ರೆಸ್ ಮೊದಲು ಶಿವಶಂಕರಪ್ಪನವರ ಹೆಸರನ್ನೇ ಪ್ರಕಟಿಸಿತು. ವಯಸ್ಸಾಯಿತು ಅಂತ ಅವರು ಒಲ್ಲೆ ಅಂದರು. ಕೊನೆಗೆ ಎಚ್.ಬಿ. ಮಂಜಪ್ಪ ನಿಂತರು. ಸೋಲಿನ ಅಂತರ ಒಂದೂವರೆ ಲಕ್ಷ ದಾಟಿತು. ಆ ವರ್ಷದ ಗಾಳಿಯಲ್ಲಿ ಯಾರು ನಿಂತರೂ ಸೋಲುತ್ತಿದ್ದರೇನೋ. ಆದರೆ ಮನೆತನದ ಹೆಸರಿಲ್ಲದೆ ಅಂತರ ಎಷ್ಟಾಗಬಹುದು ಅನ್ನೋದು ಪಕ್ಷಕ್ಕೆ ಗೊತ್ತಾಯಿತು.

ಎರಡು ಚುನಾವಣೆಗಳ ನಡುವೆ ಅವರು ಏನು ಮಾಡುತ್ತಿದ್ದರು?

2004ರಿಂದ 2013ರವರೆಗೆ ಮಲ್ಲಿಕಾರ್ಜುನ್ ಯಾವ ಸದನದಲ್ಲೂ ಇರಲಿಲ್ಲ. ಒಂಬತ್ತು ವರ್ಷ. ಮೂವತ್ತೆರಡಕ್ಕೆ ಸಚಿವರಾಗಿದ್ದವರಿಗೆ ಇದು ಸಣ್ಣ ಅವಧಿಯಲ್ಲ. ಸಾಮಾನ್ಯ ಮನೆಯವರಾಗಿದ್ದರೆ ಜನ ಮರೆತೇಬಿಡುತ್ತಿದ್ದರು. ಇಲ್ಲಿ ತಂದೆ ಶಾಸಕರಾಗಿಯೇ ಇದ್ದರು, ಮನೆ ಬಾಗಿಲು ತೆರೆದೇ ಇತ್ತು, ಬಂದವರಿಗೆ ಕಾಫಿ ಸಿಗುತ್ತಿತ್ತು. ಮನೆತನ ನಿಜವಾಗಿ ಕೆಲಸಕ್ಕೆ ಬರುವುದು ಗೆದ್ದಾಗ ಅಲ್ಲ, ಸೋತು ಮನೆಯಲ್ಲಿ ಕೂತಾಗ ಅಂತ ನನಗನ್ನಿಸುತ್ತದೆ.

ದಾವಣಗೆರೆ ಉತ್ತರ, ದಕ್ಷಿಣ ಅಂತ ಎರಡು ಯಾಕಾಯಿತು? ಮನೆಯವರು ಹಂಚಿಕೊಂಡಿದ್ದಾ?

ಹಂಚಿದ್ದು ಕ್ಷೇತ್ರ ಮರುವಿಂಗಡಣೆ. 2008ರ ಚುನಾವಣೆಯಿಂದ ಒಂದಿದ್ದದ್ದು ಎರಡಾಯಿತು. ಹಳೇ ಊರಿನ ಬಹುಪಾಲು ದಕ್ಷಿಣಕ್ಕೆ, ಹೊಸ ಬಡಾವಣೆಗಳ ಜೊತೆ ಸುತ್ತಲ ಹಳ್ಳಿಗಳು ಉತ್ತರಕ್ಕೆ. ತಂದೆ ದಕ್ಷಿಣ ಹಿಡಿದರು. 2008, 2013, 2018, 2023, ನಾಲ್ಕೂ ಸಲ ಗೆದ್ದರು. ಮಗನಿಗೆ ಬಂದದ್ದು ಉತ್ತರ, ಮತ್ತು ಅದು ಸುಲಭದ ಸೀಟಲ್ಲ. 2013ರಲ್ಲಿ ಗೆಲುವು. 2018ರಲ್ಲಿ ಬಿಜೆಪಿಯ ಎಸ್.ಎ. ರವೀಂದ್ರನಾಥ್ ಎದುರು ಸುಮಾರು ನಾಲ್ಕು ಸಾವಿರ ಮತದ ಸೋಲು. 2023ರಲ್ಲಿ ಬಿಜೆಪಿಯ ಲೋಕಿಕೆರೆ ನಾಗರಾಜ್ ಎದುರು ಮತ್ತೆ ಗೆಲುವು.

2018ರ ಸೋಲನ್ನು ಗಮನಿಸಿ. ಆಗ ಅವರು ಸಚಿವರು. ಪಕ್ಕದ ದಕ್ಷಿಣದಲ್ಲಿ ಅದೇ ದಿನ ತಂದೆ ಗೆದ್ದರು. ಒಂದೇ ಮನೆ, ಒಂದೇ ಚಿಹ್ನೆ, ಒಂದೇ ಊರು. ರಸ್ತೆ ದಾಟಿದರೆ ಫಲಿತಾಂಶ ಬೇರೆ.

2016ರಲ್ಲಿ ತಂದೆಯನ್ನು ಸಂಪುಟದಿಂದ ಬಿಟ್ಟು ಮಗನನ್ನು ತೆಗೆದುಕೊಂಡರಂತೆ, ನಿಜವಾ?

ನಿಜ. 2013ರಲ್ಲಿ ಸಿದ್ದರಾಮಯ್ಯ ಸಂಪುಟದಲ್ಲಿ ಶಿವಶಂಕರಪ್ಪ ತೋಟಗಾರಿಕೆ ಮತ್ತು ಎಪಿಎಂಸಿ (ಕೃಷಿ ಮಾರುಕಟ್ಟೆ) ಸಚಿವರಾದರು, ಎಂಬತ್ತು ದಾಟಿದ ಮೇಲೆ. 2016ರ ಜೂನ್‌ನಲ್ಲಿ ಸಂಪುಟ ಪುನರ್‌ರಚನೆ ಆದಾಗ ಅವರನ್ನು ಕೈಬಿಟ್ಟು ಮಗನಿಗೆ ಅದೇ ಖಾತೆ ಕೊಟ್ಟರು. ತಂದೆ ಅಸಮಾಧಾನವನ್ನು ಮುಚ್ಚಿಡಲಿಲ್ಲ. ಹೊರಗಿನವರಿಗೆ ಇದು ಮನೆಯೊಳಗಿನ ವರ್ಗಾವಣೆ ಥರ ಕಂಡಿತು. ಪಕ್ಷದ ಲೆಕ್ಕ ಸರಳ: ಜಿಲ್ಲೆಗೆ ಒಬ್ಬ ಸಚಿವ ಬೇಕು, ಆ ಮನೆಯನ್ನು ಬಿಟ್ಟು ಬೇರೆ ಕಡೆ ಕೊಟ್ಟರೆ ಗಲಾಟೆ.

ಯಾಕೆ ಇಷ್ಟು ಲೆಕ್ಕಾಚಾರ ಅಂದರೆ ಸೀಟು ಕಮ್ಮಿ. ಸದನದ ಬಲದ ಶೇ 15ಕ್ಕಿಂತ ಜಾಸ್ತಿ ಮಂತ್ರಿಗಳು ಇರುವಂತಿಲ್ಲ. ನಮ್ಮಲ್ಲಿ 224 ಶಾಸಕರು, ಹಾಗಾಗಿ ಮುಖ್ಯಮಂತ್ರಿ ಸೇರಿ 34 ಜನ ಮಾತ್ರ.

2023ರಲ್ಲಿ ಎಸ್ಸೆಸ್ಸೆಂಗೆ ಗಣಿ ಮತ್ತು ಭೂವಿಜ್ಞಾನದ ಜೊತೆ ಮತ್ತೆ ತೋಟಗಾರಿಕೆ ಬಂತು. ಅಡಿಕೆ ತೋಟಗಾರಿಕೆ ಇಲಾಖೆಗೆ ಸೇರುತ್ತದೆ. ಭತ್ತದ ಗದ್ದೆಗಳೆಲ್ಲ ಅಡಿಕೆ ತೋಟವಾಗುತ್ತಿರುವ ನಮ್ಮ ಜಿಲ್ಲೆಯಲ್ಲಿ ಈ ಖಾತೆಗೆ ತೂಕವಿದೆ. ಕುಂದುವಾಡ ಕೆರೆ ಹತ್ತಿರದ ಗಾಜಿನ ಮನೆಯೂ ಅದೇ ಇಲಾಖೆಯದು. ಭಾನುವಾರ ಸಂಜೆ ಹೋಗಿ ನೋಡಿ, ಊರಿನ ಅರ್ಧ ಮಕ್ಕಳು ಅಲ್ಲೇ ಇರುತ್ತಾರೆ.

ಒಂದೇ ಮನೆಯಲ್ಲಿ ಮೂವರು ಜನಪ್ರತಿನಿಧಿಗಳು ಇರಬಹುದಾ? ಕಾನೂನು ಏನು ಹೇಳುತ್ತೆ?

ಇರಬಹುದು. ಸಂಬಂಧಿ ಅನ್ನೋದು ಅನರ್ಹತೆ ಅಲ್ಲ. ವಿಧಾನಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಇತ್ಯಾದಿ. ಅಪ್ಪ ಯಾರು ಅಂತ ಯಾರೂ ಕೇಳುವುದಿಲ್ಲ. 2024ರ ಜೂನ್‌ನಿಂದ 2025ರ ಡಿಸೆಂಬರ್‌ನಲ್ಲಿ ಶಿವಶಂಕರಪ್ಪ ತೀರಿಕೊಳ್ಳುವವರೆಗೆ ಮಾವ ಶಾಸಕ, ಮಗ ಸಚಿವ, ಸೊಸೆ ಸಂಸದೆ. ಕಾನೂನಿನ ಪ್ರಕಾರ ತಪ್ಪೇನೂ ಇಲ್ಲ. ಸರಿಯಾ ಅಂತ ಕೇಳಿದರೆ ಅದು ಬೇರೆ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳ ಒಂದು ಲೋಕಸಭಾ ಕ್ಷೇತ್ರದಲ್ಲಿ ಇಷ್ಟೆಲ್ಲ ಒಂದೇ ಅಂಗಳಕ್ಕೆ ಬಂದು ಬಿದ್ದರೆ ಪಕ್ಷದ ಎರಡನೇ ಸಾಲು ಬೆಳೆಯುವುದಿಲ್ಲ.

ಒಬ್ಬರೇ ಶಾಸಕರೂ ಸಂಸದರೂ ಆಗಬಹುದಾ?

ಇಲ್ಲ. ಎರಡೂ ಕಡೆ ಗೆದ್ದರೆ 14 ದಿನದೊಳಗೆ ಶಾಸಕ ಸ್ಥಾನ ಬಿಡಬೇಕು. ಬಿಡದಿದ್ದರೆ ಸಂಸತ್ತಿನ ಸೀಟು ಹೋಗುತ್ತದೆ.

ಶಾಸಕರು ತೀರಿಕೊಂಡರೆ ಸೀಟು ಮನೆಯವರಿಗೇ ಹೋಗುತ್ತಾ?

ಹಾಗೆ ಕೇಳುವವರು ನಿಜವಾಗಿಯೂ ಇದ್ದಾರೆ. ಹೋಗುವುದಿಲ್ಲ. ಸೀಟು ತೆರವಾದ ದಿನದಿಂದ ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಸದನದ ಅವಧಿ ಒಂದು ವರ್ಷಕ್ಕಿಂತ ಕಮ್ಮಿ ಉಳಿದಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ. ಟಿಕೆಟ್ ಯಾರಿಗೆ ಅನ್ನೋದು ಪಕ್ಷದ ಕೈಯಲ್ಲಿ, ಗೆಲುವು ನಿಮ್ಮ ಕೈಯಲ್ಲಿ. ಅನುಕಂಪದ ನೌಕರಿ ಸರ್ಕಾರಿ ಕಚೇರಿಯಲ್ಲಿ ಉಂಟು, ವಿಧಾನಸಭೆಯಲ್ಲಿಲ್ಲ. ಪಕ್ಷಗಳು ಮಾತ್ರ ಹಾಗೆ ಉಂಟು ಅಂತಲೇ ನಡೆದುಕೊಳ್ಳುತ್ತವೆ.

ಶಿವಶಂಕರಪ್ಪನವರು ಎಷ್ಟು ವಯಸ್ಸಿನವರೆಗೆ ಶಾಸಕರಾಗಿದ್ದರು?

ಕೊನೆಯವರೆಗೂ. ಹುಟ್ಟಿದ್ದು 1931ರ ಜೂನ್‌ನಲ್ಲಿ. 2023ರ ಮೇ ತಿಂಗಳಲ್ಲಿ ಕೊನೇ ಸಲ ಗೆದ್ದಾಗ ತೊಂಬತ್ತೊಂದು. ತೀರಿಕೊಂಡಾಗ ತೊಂಬತ್ನಾಲ್ಕು. ಆಗ ವಿಧಾನಸಭೆಯ ಅತಿ ಹಿರಿಯ ಸದಸ್ಯ ಅವರೇ ಆಗಿದ್ದರು. ನಗರಸಭೆ ಅಧ್ಯಕ್ಷ ಸ್ಥಾನದಿಂದ ಮೇಲೆ ಬಂದವರು, ಅಖಿಲ ಭಾರತ ವೀರಶೈವ ಮಹಾಸಭಾದ ಅಧ್ಯಕ್ಷರು, ಕೆಪಿಸಿಸಿಯ (ರಾಜ್ಯ ಕಾಂಗ್ರೆಸ್ ಸಮಿತಿ) ಖಜಾಂಚಿಯೂ ಆಗಿದ್ದವರು. ಮಾತಿಗೆ ಬ್ರೇಕ್ ಇರಲಿಲ್ಲ. 2024ರ ಜನವರಿಯಲ್ಲಿ ಶಿವಮೊಗ್ಗಕ್ಕೆ ಬಿಜೆಪಿಯ ಬಿ.ವೈ. ರಾಘವೇಂದ್ರ ಅವರನ್ನೇ ಮತ್ತೆ ಗೆಲ್ಲಿಸಿ ಅಂತ ವೇದಿಕೆ ಮೇಲೆ ಹೇಳಿ ಸ್ವಂತ ಪಕ್ಷಕ್ಕೇ ಮುಜುಗರ ತಂದರು. ಬೇರೆ ಯಾರಾದರೂ ಆಗಿದ್ದರೆ ನೋಟಿಸ್ ಬರುತ್ತಿತ್ತು.

ಹಾಗಾದರೆ 2024ರಲ್ಲಿ ಜಿಲ್ಲೆ ಕೈ ಹಿಡಿದದ್ದು ಹೇಗೆ?

ಡಾ. ಪ್ರಭಾ ಮಲ್ಲಿಕಾರ್ಜುನ್ 26,094 ಮತಗಳಿಂದ ಗೆದ್ದರು. ಎದುರಾಳಿ ಗಾಯತ್ರಿ ಸಿದ್ದೇಶ್ವರ, ಅಂದರೆ ಜಿ.ಎಂ. ಸಿದ್ದೇಶ್ವರ ಅವರ ಹೆಂಡತಿ. ಶುರುವಾದದ್ದು ಅಪ್ಪಂದಿರ ನಡುವೆ, ಆಮೇಲೆ ಮಕ್ಕಳ ನಡುವೆ, ಕೊನೆಗೆ ಸೊಸೆಯರ ನಡುವೆ. 1998ರಲ್ಲಿ ಮಾವ ಗೆದ್ದ ಸೀಟನ್ನು ಸೊಸೆ ವಾಪಸ್ ತರುವಷ್ಟರಲ್ಲಿ 26 ವರ್ಷ ಕಳೆದಿತ್ತು. 1977ರಲ್ಲಿ ಆದ ಈ ಕ್ಷೇತ್ರಕ್ಕೆ ಅವರೇ ಮೊದಲ ಮಹಿಳಾ ಸಂಸದೆ.

ಕಾರಣಗಳು ಹಲವು. ಬಿಜೆಪಿಯಲ್ಲಿ ಟಿಕೆಟ್ ವಿಚಾರಕ್ಕೆ ಹೊನ್ನಾಳಿಯ ರೇಣುಕಾಚಾರ್ಯ, ಎಸ್.ಎ. ರವೀಂದ್ರನಾಥ್ ಅವರಂಥವರೇ ಬಹಿರಂಗವಾಗಿ ಮುನಿಸಿಕೊಂಡಿದ್ದರು. ಗೃಹಲಕ್ಷ್ಮಿಯ 2,000 ರೂಪಾಯಿ ಹಳ್ಳಿಗಳಲ್ಲಿ ಮಾತಾಯಿತು. ಎಂಟರಲ್ಲಿ ಆರು ಕಡೆ ಕಾಂಗ್ರೆಸ್ ಶಾಸಕರು, ಹರಪನಹಳ್ಳಿಯ ಪಕ್ಷೇತರ ಶಾಸಕಿಯೂ ಜೊತೆಗಿದ್ದರು, ಬಿಜೆಪಿಗಿದ್ದದ್ದು ಹರಿಹರ ಒಂದೇ. ಇಷ್ಟೆಲ್ಲ ಕೂಡಿಬಂದೂ ಅಂತರ ಬರೀ 26 ಸಾವಿರ. ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ ಜಿ.ಬಿ. ವಿನಯ್ ಕುಮಾರ್ ನಲವತ್ತು ಸಾವಿರದಾಚೆ ಮತ ಪಡೆದರು. ಮನೆತನ ಬೇಡ ಅನ್ನುವ ಮತ ಎಷ್ಟಿದೆ ಅನ್ನೋದಕ್ಕೆ ಅದೊಂದು ಅಂದಾಜು.

ಶಾಸಕರ ಮನೆ ಮುಂದೆ ದಿನಾ ಅಷ್ಟು ಜನ ಯಾಕೆ? ಒಳಗೆ ಏನು ನಡೆಯುತ್ತೆ?

ಇದು ಈ ಒಂದು ಮನೆಯ ವಿಷಯವಲ್ಲ, ಜಿಲ್ಲೆಯ ಯಾವ ಶಾಸಕರ ಮನೆಗೆ ಹೋದರೂ ಇದೇ. ಬೆಳಿಗ್ಗೆ ಏಳೂವರೆಗೇ ಕಾಂಪೌಂಡ್ ಹೊರಗೆ ಚಪ್ಪಲಿ ಸಾಲು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಅರ್ಜಿ, ಆಧಾರ್ ಜೆರಾಕ್ಸ್, ಎರಡು ಫೋಟೋ. ಒಬ್ಬರಿಗೆ ವರ್ಗಾವಣೆ, ಒಬ್ಬರಿಗೆ ಆಸ್ಪತ್ರೆ ಬಿಲ್ಲು, ಒಬ್ಬರಿಗೆ ನಾಲೆಯ ಕೊನೆ ಭಾಗಕ್ಕೆ ನೀರು. ಕೆಲವರು ಮಗಳ ಮದುವೆ ಪತ್ರಿಕೆ ಕೊಡಲು ಬಂದಿರುತ್ತಾರೆ, ಅವರನ್ನು ಮೊದಲು ಒಳಗೆ ಬಿಡುತ್ತಾರೆ.

ಮಾಯಕೊಂಡದ ಕಡೆಯ ಒಬ್ಬ ಅಜ್ಜ ಬಂದದ್ದನ್ನು ಒಂದು ಮನೆಯಲ್ಲಿ ನೋಡಿದ್ದೇನೆ. ಪಿಂಚಣಿ ನಿಂತಿತ್ತು. ಪಿಎ ಅರ್ಜಿ ತಗೊಂಡು ಓದಿದ, ಎಡಗಡೆ ಮೂಲೆಯಲ್ಲಿ 'ತಹಸೀಲ್ದಾರ್, ಪರಿಶೀಲಿಸಿ ಕ್ರಮ ಕೈಗೊಳ್ಳಿ' ಅಂತ ಬರೆದ, ಸಾಹೇಬರ ಮುಂದೆ ಹಿಡಿದ. ಸಹಿ ಬಿತ್ತು. ಅಜ್ಜ ಅಷ್ಟಕ್ಕೇ ಹೋಗಲಿಲ್ಲ. 'ಒಂದ್ ಫೋನ್ ಹಚ್ರಿ ಯಪ್ಪಾ, ಬರೇ ಕಾಗದ ತಗಂಡೋದ್ರೆ ಅವ್ರು ನೋಡಂಗಿಲ್ಲ' ಅಂದ. ಫೋನ್ ಹೋಯಿತು. ಆ ಅಜ್ಜನಿಗೆ ಆಡಳಿತ ಹೇಗೆ ನಡೆಯುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತಿತ್ತು.

ಕಾಗದದ ಪ್ರಕಾರ ಶಾಸಕರ ಕೆಲಸ ಕಾನೂನು ಮಾಡುವುದು, ಬಜೆಟ್ ಮೇಲೆ ಮಾತಾಡುವುದು, ಸರ್ಕಾರವನ್ನು ಪ್ರಶ್ನಿಸುವುದು. ಅದನ್ನು ನೋಡಿ ಓಟು ಹಾಕುವವರು ಎಷ್ಟು ಜನ? ಫೋನ್ ಎತ್ತುತ್ತಾರಾ, ಸಾವಿಗೆ ಬಂದರಾ, ಮದುವೆಗೆ ಬಂದರಾ, ದುಗ್ಗಮ್ಮನ ಜಾತ್ರೆಯಲ್ಲಿ ಕಂಡರಾ, ಲೆಕ್ಕ ಇದೇ. ಹಳೇ ಮನೆತನಗಳಿಗೆ ಈ ಲೆಕ್ಕ ಸುಲಭ. ಅಪ್ಪ ಒಂದು ಮದುವೆಗೆ, ಮಗ ಇನ್ನೊಂದಕ್ಕೆ, ಸೊಸೆ ಮೂರನೆಯದಕ್ಕೆ. ಒಂಟಿ ಶಾಸಕ ಎಲ್ಲಿಗೆ ಅಂತ ಓಡಬೇಕು?

ಶಾಸಕರ ಕೈಯಲ್ಲಿ ನಿಜವಾಗಿ ಏನು ಅಧಿಕಾರ ಇದೆ?

ವರ್ಷಕ್ಕೆ 2 ಕೋಟಿ ರೂಪಾಯಿ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ. ದುಡ್ಡು ಅವರ ಕೈಗೆ ಬರುವುದಿಲ್ಲ, ಕಾಮಗಾರಿ ಸೂಚಿಸುತ್ತಾರೆ, ಬಿಡುಗಡೆ ಮಾಡುವುದು ಜಿಲ್ಲಾಧಿಕಾರಿ. ನಿಜವಾದ ಹಿಡಿತ ಸಮಿತಿಗಳಲ್ಲಿದೆ. ಆಶ್ರಯ ಮನೆ ಯಾರಿಗೆ, ಬಗರ್ ಹುಕುಂ ಜಮೀನು (ಅನುಮತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನು) ಯಾರಿಗೆ ಅನ್ನುವ ಸಮಿತಿಗಳಲ್ಲಿ ಶಾಸಕರ ಮಾತಿಗೆ ಬೆಲೆ ಇದೆ. ಊರಲ್ಲಿ ಯಾರು ಯಾರ ಹಿಂದೆ ಓಡಾಡುತ್ತಾರೆ ಅನ್ನೋದು ಅಲ್ಲಿ ತೀರ್ಮಾನವಾಗುತ್ತದೆ.

ಜಿಲ್ಲಾ ಉಸ್ತುವಾರಿ ಸಚಿವರಾದರೆ ಜಿಲ್ಲಾ ಮಟ್ಟದ ಕೆಡಿಪಿ ಸಭೆಯ, ಅಂದರೆ ಸರ್ಕಾರಿ ಕೆಲಸಗಳ ಪ್ರಗತಿ ನೋಡುವ ಸಭೆಯ, ಅಧ್ಯಕ್ಷತೆ ಸಿಗುತ್ತದೆ. ಎಲ್ಲ ಇಲಾಖೆಯ ಅಧಿಕಾರಿಗಳೂ ಅಲ್ಲಿ ಲೆಕ್ಕ ಒಪ್ಪಿಸಬೇಕು. 2023ರಲ್ಲಿ ದಾವಣಗೆರೆ ಉಸ್ತುವಾರಿಯೂ ಎಸ್ಸೆಸ್ಸೆಂಗೇ ಬಂತು.

ಆದರೆ ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ನಿಂತು ಶಾಸಕರನ್ನು ಬೈಯುವವರಿಗೆ ಒಂದು ಮಾತು: ಗೇಟು ರೈಲ್ವೆಯದು. ಭದ್ರಾ ನೀರು ಯಾವತ್ತು ಬಿಡಬೇಕು ಅನ್ನೋದನ್ನು ನೀರಾವರಿ ಸಲಹಾ ಸಮಿತಿಯಲ್ಲಿ ಕೂತು ಚರ್ಚಿಸುತ್ತಾರೆ, ಒಬ್ಬರೇ ಹೇಳಿದರೆ ನಡೆಯುವುದಿಲ್ಲ. ಬೈಯಬೇಡಿ ಅನ್ನುತ್ತಿಲ್ಲ. ಸರಿಯಾದವರನ್ನು ಬೈಯಿರಿ.

ನಮ್ಮ ಭಾಗದಲ್ಲಿ ಬೇರೆ ರಾಜಕೀಯ ಮನೆತನಗಳು?

ಬೇಕಾದಷ್ಟಿವೆ. ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗಲೇ 1997ರಲ್ಲಿ ದಾವಣಗೆರೆ ಜಿಲ್ಲೆ ಆದದ್ದು. ಅಷ್ಟಾದರೂ 1999ರಲ್ಲಿ ತಮ್ಮ ಕ್ಷೇತ್ರದಲ್ಲೇ ಸೋತರು. ಮಗ ಮಹಿಮಾ ಪಟೇಲ್ ಮುಂದೆ ಒಂದು ಸಲ ಅಲ್ಲಿಂದ ಶಾಸಕರಾದರು, ಆ ಪರಂಪರೆ ಅಲ್ಲಿಗೇ ನಿಂತಿತು. ಹರಿಹರದಲ್ಲಿ ಎಚ್. ಶಿವಪ್ಪ, ಅವರ ಮಗ ಎಚ್.ಎಸ್. ಶಿವಶಂಕರ್. ಹೊಳಲ್ಕೆರೆಯ ಶಾಸಕ ಎಂ. ಚಂದ್ರಪ್ಪ 2024ರಲ್ಲಿ ಮಗನಿಗೆ ಚಿತ್ರದುರ್ಗ ಲೋಕಸಭೆ ಟಿಕೆಟ್ ಕೇಳಿದರು, ಸಿಗಲಿಲ್ಲ, ಸಿಟ್ಟನ್ನು ಎಲ್ಲರ ಮುಂದೆಯೇ ತೋರಿಸಿದರು. ಆ ಟಿಕೆಟ್ ಹೋದದ್ದು ಗೋವಿಂದ ಕಾರಜೋಳರಿಗೆ.

ನನಗೆ ಹೆಚ್ಚು ಕುತೂಹಲ ಹರಪನಹಳ್ಳಿಯದು. ಎಂ.ಪಿ. ಪ್ರಕಾಶ್ ಉಪಮುಖ್ಯಮಂತ್ರಿಯಾಗಿದ್ದವರು. ಅವರ ನಂತರ ಮಗ ಎಂ.ಪಿ. ರವೀಂದ್ರ 2013ರಲ್ಲಿ ಹರಪನಹಳ್ಳಿಯಿಂದ ಗೆದ್ದರು, 2018ರಲ್ಲಿ ಸೋತು, ಅದೇ ವರ್ಷ ತೀರಿಕೊಂಡರು. ಮಗಳು ಎಂ.ಪಿ. ಲತಾ ಮಲ್ಲಿಕಾರ್ಜುನ್ 2023ರಲ್ಲಿ ಕಾಂಗ್ರೆಸ್ ಟಿಕೆಟ್ ಕೇಳಿದರು, ಪಕ್ಷ ಕೊಡಲಿಲ್ಲ. ಪಕ್ಷೇತರರಾಗಿ ನಿಂತು ಗೆದ್ದರು. ಅಪ್ಪನ ಹೆಸರಿತ್ತು, ಅಪ್ಪನ ಪಕ್ಷ ಇರಲಿಲ್ಲ. ಹೆಣ್ಣುಮಗಳ ಸರದಿ ಬರುವುದು ಗಂಡುಮಗನ ನಂತರ ಅನ್ನೋದು ನಮ್ಮ ಮನೆತನಗಳ ಹಳೇ ಕ್ರಮ, ಅದಕ್ಕೆ ಪಕ್ಷಭೇದವಿಲ್ಲ.

ಮನೆತನ ಇಲ್ಲದವರು ಗೆಲ್ಲೋದೇ ಇಲ್ವಾ?

ಗೆಲ್ಲುತ್ತಾರೆ. ಜಗಳೂರಿನ ಬಿ. ದೇವೇಂದ್ರಪ್ಪ ಶಾಲೆಯೊಂದರಲ್ಲಿ ಜವಾನರಾಗಿದ್ದವರು. 2023ರಲ್ಲಿ ಸಾವಿರಕ್ಕೂ ಕಮ್ಮಿ ಮತದ ಅಂತರದಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು ವಿಧಾನಸೌಧಕ್ಕೆ ಹೋದರು. ಪಂಪಾಪತಿಯವರ ವಿಷಯ ಮೇಲೆ ಹೇಳಿದೆ. ವ್ಯತ್ಯಾಸ ಎಲ್ಲಿ ಅಂದರೆ, ಇಂಥವರು ಒಂದು ಸಲ ಸೋತರೆ ಎರಡನೇ ಸಲ ಟಿಕೆಟ್ ಕೇಳಲು ಬೆಂಗಳೂರಿಗೆ ಎಷ್ಟು ಸಲ ಬಸ್ ಹತ್ತಬೇಕು ಅನ್ನೋದರಲ್ಲಿ. ಎಸ್ಸೆಸ್ಸೆಂ ನಾಲ್ಕು ಸಲ ಗೆದ್ದಿದ್ದಾರೆ: 1998, 1999, 2013, 2023. ಲೋಕಸಭೆಯ ಮೂರು, 2018ರ ಒಂದು, ಹೀಗೆ ಸೋತದ್ದೂ ನಾಲ್ಕು ಸಲ. ನಾಲ್ಕು ಸೋಲಿನ ನಂತರವೂ ಸಚಿವರಾಗುವ ಅವಕಾಶ ಜವಾನರ ಕೆಲಸದಿಂದ ಬಂದವರಿಗೆ ಸಿಗುತ್ತಾ ಅಂತ ಯಾರನ್ನಾದರೂ ಕೇಳಿ ನೋಡಿ.

ಅಭ್ಯರ್ಥಿಯ ಆಸ್ತಿ, ಕೇಸು ಎಲ್ಲಿ ನೋಡಬಹುದು?

ನಾಮಪತ್ರದ ಜೊತೆ ಫಾರಂ 26 ಅನ್ನುವ ಪ್ರಮಾಣಪತ್ರ ಕೊಡಲೇಬೇಕು. ಆಸ್ತಿ, ಸಾಲ, ಹೆಂಡತಿ ಅಥವಾ ಗಂಡನ ಆಸ್ತಿ, ಓದು, ಬಾಕಿ ಇರುವ ಕ್ರಿಮಿನಲ್ ಪ್ರಕರಣ ಎಲ್ಲ ಅದರಲ್ಲಿರುತ್ತದೆ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಫ್ಲೆಕ್ಸ್ ಲೆಕ್ಕ ಹಾಕಿ ನಗಬೇಡಿ, ಮಿತಿ ಅಷ್ಟೇ.

ಒಂದು ಕಿವಿಮಾತು: ಒಂದೇ ವರ್ಷದ್ದು ಓದಿದರೆ ಪ್ರಯೋಜನ ಕಮ್ಮಿ. ಅದೇ ಅಭ್ಯರ್ಥಿಯ ಹಿಂದಿನ ಚುನಾವಣೆಯ ಪ್ರಮಾಣಪತ್ರವನ್ನೂ ಇಳಿಸಿಕೊಂಡು ಪಕ್ಕದಲ್ಲಿಟ್ಟು ನೋಡಿ.

ನನ್ನ ಮನೆ ಉತ್ತರಕ್ಕೆ ಸೇರುತ್ತೋ ದಕ್ಷಿಣಕ್ಕೋ?

ನಿಮ್ಮ ಮತದಾರರ ಗುರುತಿನ ಚೀಟಿಯ ಹಿಂಬದಿ ನೋಡಿ, ಕ್ಷೇತ್ರದ ಸಂಖ್ಯೆ ಮತ್ತು ಹೆಸರು ಇರುತ್ತದೆ. ಮನೆ ಬದಲಿಸಿದ್ದರೆ ಅದು ಹಳೇದಾಗಿರಬಹುದು, ಬೂತ್ ಮಟ್ಟದ ಅಧಿಕಾರಿಯನ್ನು ಕೇಳಿ. ಎಂಸಿಸಿ ಬಡಾವಣೆಯ ಬ್ಲಾಕುಗಳಲ್ಲಿ, ರೈಲ್ವೆ ಹಳಿಯ ಆಸುಪಾಸಿನಲ್ಲಿ ಪಕ್ಕದ ಮನೆಯವರನ್ನು ಕೇಳಿ ಹೋಗಿಬಿಡಬೇಡಿ. ಅವರ ಬೂತೇ ಬೇರೆ ಇರಬಹುದು.